ತುಂಬಿದ ಅಂಗಡಿ

ಅಂಗಡಿ ಕೊಳ್ಳುವವರು ಹತ್ತು ಗಂಟೆಗೆ ಬರುತ್ತಾರೆಂದು ಮಾಲೀಕ ಷಡಕ್ಷರಪ್ಪ ಹೇಳಿದ್ದರು. ರಂಗಪ್ಪ ಏಳಕ್ಕೇ ಬಂದು, ಭದ್ರಾವತಿ ಓಲ್ಡ್ ಟೌನಿನ ಆ ದಿನಸಿ ಅಂಗಡಿಯ ಹಿಂಬಾಗಿಲಿನಿಂದ ಎರಡು ಗೋಣಿಚೀಲ ಖಾಲಿ ಡಬ್ಬ ಒಳಗೆ ಸಾಗಿಸಿದ. ತಲೆಮಟ್ಟದವರೆಗಿನ ಹಲಗೆಗಳಲ್ಲಿ ನಿಜವಾದ ಸಾಮಾನು. ಅದರ ಮೇಲೆ ಸೂರಿನವರೆಗೂ ಟೀಪುಡಿಯ, ಸೋಪಿನ, ಮಕ್ಕಳ ಹಾಲುಪುಡಿಯ ಖಾಲಿ ಡಬ್ಬಗಳು. ಅಲ್ಲಿಗೆ ಗಿರಾಕಿಯ ಕೈ ಹೋಗುವುದಿಲ್ಲ, ಕಣ್ಣು ಮಾತ್ರ ಹೋಗುತ್ತದೆ.

ಕಬ್ಬಿಣದ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ನಿಂತ ವರ್ಷ, ಸೋಪಿನ ಕಂಪನಿಯೊಂದರ ಮಾಲನ್ನು ಅಂಗಡಿಗಳಲ್ಲಿ ಜೋಡಿಸಲು ಹೋಗಿ ಕಲಿತ ವಿದ್ಯೆ ಇದು. ಊರಿನಲ್ಲಿ ಸಂಬಳ ನಿಂತಂತೆ ಅಂಗಡಿಗಳೂ ಬರಿದಾಗತೊಡಗಿದ್ದವು. ಬರಿದಾದ ಅಂಗಡಿಯ ಮೆಟ್ಟಿಲನ್ನು ಯಾರೂ ಹತ್ತುವುದಿಲ್ಲ. ತುಂಬಿದ ಹಾಗೆ ಕಾಣಿಸಿಕೊಡುವ ಈ ಕೆಲಸಕ್ಕೆ ಭದ್ರಾವತಿಯಲ್ಲಿ ಎಂಟು ಅಂಗಡಿ, ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮೂರು ಅಂಗಡಿಯವರು ತಿಂಗಳು ತಿಂಗಳು ರಂಗಪ್ಪನನ್ನೇ ಕರೆಯುತ್ತಿದ್ದರು. ಕಾರ್ಖಾನೆಯಲ್ಲಿ ಸಿಗುತ್ತಿದ್ದುದರ ಎರಡರಷ್ಟು ಸಿಗುತ್ತಿತ್ತು. ಒಂದು ಕಡೆ ಬಾಯಿ ಬಿಟ್ಟರೂ ಹನ್ನೊಂದು ಅಂಗಡಿಯೂ ಕೈತಪ್ಪಿ ಹೋಗುತ್ತಿದ್ದವು.

"ಸಾಮಾನು ಸಮೇತ ಮಾರ್ತಿರೋದು ರಂಗ," ಎಂದರು ಷಡಕ್ಷರಪ್ಪ. "ಬರೋರಿಗೆ ವ್ಯಾಪಾರದ ಗಂಧ ಇಲ್ಲ. ನೀನು ಸುಮ್ನೆ ಒರೆಸ್ತಾ ನಿಂತಿರು."

ಹತ್ತಕ್ಕೆ ಬಂದವನು ಜನಾರ್ದನ. ಕಾರ್ಖಾನೆಯ ಖಾಯಂ ನೌಕರನಾಗಿದ್ದವನು. ಅವನ ಪಕ್ಕದಲ್ಲಿ ನಿಂತು ರಂಗಪ್ಪ ಒಂಬತ್ತು ವರ್ಷ ಕುಲುಮೆಯ ಬೂದಿ ಎಳೆದಿದ್ದ. ಸ್ವಯಂ ನಿವೃತ್ತಿಗೆ ಬಂದ ಅಷ್ಟೂ ಹಣ ಈಗ ಜನಾರ್ದನನ ಹೆಂಡತಿ ಉಚ್ಚಂಗಮ್ಮನ ಕಂಕುಳಿನ ಚೀಲದಲ್ಲಿತ್ತು.

"ಎಲಾ ಮಾರಾಯ, ನೀನಿಲ್ಲಿ!" ಜನಾರ್ದನ ರಂಗಪ್ಪನ ಬೆನ್ನಿಗೆ ಗುದ್ದಿದ. "ಬೂದಿ ಎಳೆಯೋನು ಸೋಪು ಒರೆಸ್ತಿದೀಯ! ಈಗ್ಲಾದ್ರೂ ಬೆಳ್ಳಗಾದ್ಯಾ?"

"ಎಲ್ಲಿ ಆಗ್ತೀನಿ," ಎಂದ ರಂಗಪ್ಪ.

ಜನಾರ್ದನ ತಲೆಯೆತ್ತಿ ಸೂರಿನವರೆಗೂ ನೋಡಿದ. ಬಾಯಿ ತೆರೆದೇ ಇತ್ತು. ಆಮೇಲೆ ರಂಗಪ್ಪನ ತೋಳು ಹಿಡಿದು ಜಗಲಿಗೆ ಕರೆದುಕೊಂಡು ಹೋದ.

"ನಂಗೆ ಕಬ್ಬಿಣ ಬಿಟ್ರೆ ಬೇರೇನೂ ಗೊತ್ತಿಲ್ಲ. ಇದು ಹೋದ್ರೆ ನಮಗೆ ಇನ್ನೇನಿಲ್ಲ ಕಣೋ. ನೀನು ಒಳಗಿನೋನು. ತಗೊಳ್ಳಲಾ, ಬೇಡ್ವಾ? ಒಂದು ಮಾತು ಹೇಳು."

ರಂಗಪ್ಪ ಒಳಗೆ ನೋಡಿದ. ಷಡಕ್ಷರಪ್ಪ ಪೇಪರ್ ಹಿಡಿದು ಕೂತಿದ್ದರು. ಹಾಳೆ ಮಗುಚುತ್ತಿರಲಿಲ್ಲ.

"ಜಾಗ ಒಳ್ಳೇದು," ಎಂದ.

"ಸರಕು?"

"ನೀನೇ ನೋಡಿದ್ಯಲ್ಲ."

"ಸಾಕು ಬಿಡು. ನೀನಿದ್ಮೇಲೆ ಇನ್ಯಾರನ್ನ ಕೇಳ್ಲಿ."

ಹಣ ಕೈ ಬದಲಾಯಿತು, ಕಾಗದಕ್ಕೆ ಸಹಿ ಬಿತ್ತು. ಷಡಕ್ಷರಪ್ಪ ಬೀಗದ ಕೈ ಕೊಟ್ಟು, ಒಳ್ಳೇದಾಗಲಿ ಎಂದು ಕೈ ಮುಗಿದು, ಆಟೋ ಹತ್ತಿ ಹೋದರು. ಜನಾರ್ದನ ಹೊರಗೆ ನಿಂತು ಬೋರ್ಡಿನ ಮೇಲೆ ಯಾವ ಹೆಸರು ಬರೆಸುವುದೆಂದು ದಾರಿಹೋಕರನ್ನೆಲ್ಲ ಕೇಳುತ್ತಿದ್ದ.

ಉಚ್ಚಂಗಮ್ಮ ಸೆರಗಿನ ಗಂಟು ಬಿಚ್ಚಿ ಕುಂಕುಮ ತೆಗೆದಳು. ಹೊಸ್ತಿಲಿಗೆ ಇಟ್ಟಳು, ತಕ್ಕಡಿಗೆ ಇಟ್ಟಳು. ಕೊನೆಗೆ ತುದಿಗಾಲಿನಲ್ಲಿ ನಿಂತು, ಕೈಗೆ ಎಟುಕಿದ ಹಾಲುಪುಡಿ ಡಬ್ಬಕ್ಕೆ ಬೆರಳು ಒತ್ತಿದಳು. ಡಬ್ಬ ಜಾರಿಕೊಂಡು ಹಿಂದಿನ ಗೋಡೆಗೆ ಹೋಗಿ ತಗುಲಿತು.

ಅವಳು ಬೆರಳು ನೋಡಿಕೊಂಡಳು. ಪಕ್ಕದ್ದಕ್ಕೆ ಒತ್ತಿದಳು. ಅದೂ ಹೋಯಿತು.

"ಇದೇನಣ್ಣ, ಇಷ್ಟು ಹಗುರ?"

ಅಷ್ಟರಲ್ಲಿ ರಂಗಪ್ಪನ ಕೈ ತನ್ನಷ್ಟಕ್ಕೆ ತಾನೇ ಮೇಲೆ ಹೋಗಿ, ಎರಡೂ ಡಬ್ಬಗಳನ್ನು ಮುಂದಕ್ಕೆಳೆದು, ಕುಂಕುಮ ಎದುರಿಗೆ ಕಾಣುವ ಹಾಗೆ ಸಾಲಿಗೆ ಸರಿಮಾಡುತ್ತಿತ್ತು.