ಮಡಿಗೆ ಆಗುವ ಅಂಗಿ

ಮಳೆಗಾಲದಲ್ಲಿ ಬೆಟ್ಟ ಹತ್ತಿ ದೇವರನ್ನು ನೋಡಲು ಏನು ತೊಡಬೇಕೆಂಬುದು ಆ ಮನೆಯಲ್ಲಿ ಇಡೀ ವಾರ ಸಂಧಾನ ನಡೆದ ಘನವಾದ ವಿಷಯವಾಗಿತ್ತು.

“ಹತ್ತಿ ಸೀರೆ ನೆನೆದ್ರೆ ಕೊಡದಷ್ಟು ಭಾರ ಆಗತ್ತೆ, ಅತ್ತೆ. ಜಾರಿ ಬೀಳ್ತೀರ. ಹಗುರವಾಗಿರೋ ಈ ಪಾಲಿಯೆಸ್ಟರ್ ಪ್ಯಾಂಟು, ಅಂಗಿ ಹಾಕ್ಕೊಳಿ,” ಎಂದಳು ಸೊಸೆ, ನಾಲ್ಕನೆಯ ಅಂಗಡಿಯಲ್ಲಿ.

“ಪ್ಲಾಸ್ಟಿಕ್ ಸುತ್ಕೊಂಡು ದೇವರ ಮುಂದೆ ನಿಲ್ಲಲೇನೇ? ಮಡಿಗೆ ಆಗಲ್ಲ.”

ಕೊನೆಗೆ ತೆಳ್ಳನೆಯ ಉಣ್ಣೆಯ ಪ್ಯಾಂಟು-ಅಂಗಿಯ ಜೋಡಿಯೊಂದು ಸಿಕ್ಕಿತು. ಉಣ್ಣೆ ಮಡಿಗೆ ಆಗುತ್ತದೆಂದು ಅತ್ತೆ ಒಪ್ಪಿದರು. ದಣಿದ ಸೊಸೆ ತನಗೆ ಪಾಲಿಯೆಸ್ಟರನ್ನೇ ಕೊಂಡಳು.

ಬೆಟ್ಟದ ನಡುವೆ, ಪಾಚಿಗಟ್ಟಿದ ಮೆಟ್ಟಿಲ ಮೇಲೆ ಅತ್ತೆಯ ಕಾಲು ಜಾರಿತು. ಸೊಸೆ ಕೈ ಚಾಚಿದಳು.

“ಮುಟ್ಟಬೇಡ್ವೇ! ಮಡೀಲಿದೀನಿ!”

ಅತ್ತೆ ಮಡಿ ಕೆಡದಂತೆ ಹತ್ತಾರು ಮೆಟ್ಟಿಲು ಕೆಳಗೆ ಜಾರಿ ಬಂದು ಕೂತರು.