ನಾಲ್ಕನೇ ಎಣಿಕೆ

"ಗುರುವಿನ ಹೆಸರು ಬರ್ದಿದೀರಿ. ಗುರುವಿನ ಗುರು ಅನ್ನೋ ಕಡೆಯಿಂದ ಕೆಳಗೆಲ್ಲ ಖಾಲಿ," ಎಂದು ಪುರಸಭೆಯ ಅಧಿಕಾರಿ ಫಾರಂ ತಿರುಗಿಸಿ ತೋರಿಸಿದರು.

ಧ್ಯಾನದ ಟೀಚರಮ್ಮ ನಕ್ಕಳು. "ಋಷಿಮೂಲ, ನದಿಮೂಲ ಹುಡುಕಬಾರದು ಅಂತಾರಲ್ಲ ಸಾರ್."

"ಗಾದೆ ಬರೆಯೋಕೆ ಇದರಲ್ಲಿ ಕಾಲಂ ಇಲ್ಲಮ್ಮ. ನಾಳೆ ಹತ್ತು ಗಂಟೆಯೊಳಗೆ ತುಂಬಿ ಕೊಡಿ. ಪರಂಪರೆ ಇಲ್ಲದ ಧ್ಯಾನಕ್ಕೆ ಪುರಸಭೆ ಹಾಲ್ ಕೊಡೋ ಹಾಗಿಲ್ಲ."

ಹಾಲ್ ಹೋದರೆ ಹದಿನೆಂಟು ವರ್ಷದ ತರಗತಿಯೂ ಹೋದಂತೆಯೇ. ಅವಳು ಕಲಿಸುತ್ತಿದ್ದುದು ಒಂದೇ ವಿದ್ಯೆ. ಕಣ್ಣು ಮುಚ್ಚಿ, ಉಸಿರನ್ನು ಒಂದರಿಂದ ಏಳರವರೆಗೆ ಎಣಿಸುತ್ತ ಹತ್ತಬೇಕು, ಏಳರಿಂದ ಒಂದಕ್ಕೆ ಇಳಿಯಬೇಕು. ನಾಲ್ಕು ಬಂದಾಗ ಮಾತ್ರ ಉಸಿರು ಬಿಗಿಹಿಡಿಯಬೇಕು. ಆ ನಾಲ್ಕರಿಂದಾಗಿ ಶಿಷ್ಯರಲ್ಲಿ ಎರಡು ಪಂಗಡವೇ ಆಗಿತ್ತು. ನಾಲ್ಕೆಂದರೆ ಹೃದಯ ಎನ್ನುವವರು ಒಂದು ಕಡೆ, ನಾಲ್ಕೆಂದರೆ ದಿಕ್ಕುಗಳು ಎನ್ನುವವರು ಇನ್ನೊಂದು ಕಡೆ. ಒಬ್ಬರ ಚಾಪೆಯ ಪಕ್ಕ ಇನ್ನೊಬ್ಬರು ಚಾಪೆ ಹಾಸುತ್ತಿರಲಿಲ್ಲ.

ಅವಳಿಗೆ ಅದನ್ನು ಕಲಿಸಿದ್ದು ಸೋದರಮಾವ. ಚಿಕ್ಕಂದಿನಲ್ಲಿ ಪರೀಕ್ಷೆಯೆಂದರೆ ಕೈಕಾಲು ನಡುಗುತ್ತಿದ್ದವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಣಿಸಲು ಹೇಳಿಕೊಟ್ಟಿದ್ದರು. ಎಲ್ಲಿ ಕಲಿತಿರಿ ಎಂದು ಕೇಳಿದರೆ "ಹಳೇದು ಬಿಡು" ಎನ್ನುತ್ತಿದ್ದರು. ಆ ಒಂದು ಮಾತನ್ನು ನಂಬಿಕೊಂಡು ಅವಳು ಕರಪತ್ರದಲ್ಲಿ 'ಪ್ರಾಚೀನ' ಎಂದು ಅಚ್ಚು ಹಾಕಿಸಿದ್ದಳು.

ಮಾವ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತ ಕೂತಿದ್ದರು. ವಿಷಯ ಕೇಳಿ, "ಗುರು ಗಿರು ಯಾರೂ ಇಲ್ಲ," ಎಂದರು. "ನಾನು ಆಸ್ಪತ್ರೇಲಿ ಲಿಫ್ಟ್ ನಡೆಸ್ತಿದ್ದದ್ದು ಮರೆತ್ಯಾ?"

"ಅದಕ್ಕೂ ಇದಕ್ಕೂ ಏನು ಸಂಬಂಧ ಮಾವ?"

"ಏಳು ಮಹಡಿ ಕಣೇ. ಆ ಡಬ್ಬದೊಳಗೆ ದಿನಕ್ಕೆ ಎಂಟು ಗಂಟೆ, ಮೂವತ್ತೊಂದು ವರ್ಷ. ತಲೆ ಕೆಡಬಾರದು ಅಂತ ಮಹಡಿಗೊಂದು ಉಸಿರು ಎಣಿಸ್ತಿದ್ದೆ. ಅಷ್ಟೇ."

ಎರಡು ಪಂಗಡದವರೂ ಚಾಪೆ ಸುತ್ತಿಕೊಂಡು ಅವಳ ಕಣ್ಣ ಮುಂದೆ ಹಾದು ಹೋದರು. "ಹಾಗಾದ್ರೆ ನಾಲ್ಕರಲ್ಲಿ ಉಸಿರು ಹಿಡಿಯೋದು ಯಾಕೆ? ಅಲ್ಲಿ ಲಿಫ್ಟ್ ಕುಲುಕ್ತಿತ್ತಾ?"

ಮಾವ ಒಂದು ಕಾಯಿ ಬಿಡಿಸಿದರು. ಇನ್ನೊಂದನ್ನೂ ಬಿಡಿಸಿದರು.

"ನಾಲ್ಕನೇದು ಮಕ್ಕಳ ವಾರ್ಡು. ನನ್ನ ಮಗಳನ್ನ ಅಲ್ಲೇ ಮಲಗಿಸಿದ್ದು, ಹನ್ನೊಂದು ದಿನ. ಅವಳು ಹೋದ ಮೇಲೂ ಆ ಬಾಗಿಲು ದಿನಾ ತೆಗೀಲೇಬೇಕಿತ್ತಲ್ಲ. ತೆಗೆದ್ರೆ ಅದೇ ಔಷಧಿ ವಾಸನೆ. ಉಸಿರು ಹಿಡ್ಕೊಂಡ್ರೆ ಅಳು ಬರ್ತಿರಲಿಲ್ಲ."

ಗೋಡೆಯ ಮೇಲೆ ಆ ಮಗುವಿನ ಫೋಟೋ ಇತ್ತು. ಟೀಚರಮ್ಮ ಹುಟ್ಟುವ ಮೊದಲೇ ಹೋದ ಮಗು. ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಊರವರನ್ನೆಲ್ಲ ಇಷ್ಟು ವರ್ಷ ಆ ಬಾಗಿಲ ಮುಂದೆ ಉಸಿರು ಹಿಡಿದು ನಿಲ್ಲಿಸಿದ್ದೆನಲ್ಲ ಎಂದು ಅವಳಿಗೆ ದುಃಖವೂ ನಾಚಿಕೆಯೂ ಒಟ್ಟಿಗೇ ಬಂದವು.

"ಯಾವುದಾದ್ರೂ ಋಷಿ ಹೆಸರು ಹಾಕ್ಬಿಡು," ಎಂದರು ಮಾವ. "ಕೇಳೋಕೆ ಅವರೇನು ಎದ್ದು ಬರ್ತಾರಾ?"

ಮರುದಿನ ಅಧಿಕಾರಿ, ಎಲ್ಲೂ ಖಾಲಿ ಉಳಿದಿಲ್ಲವಷ್ಟೇ ಎಂದು ಪುಟದ ಮೇಲೆ ಬೆರಳಾಡಿಸಿ, "ಈಗ ಸರಿಯಾಯ್ತು ನೋಡಿ," ಎಂದು ಸೀಲ್ ಒತ್ತಿದರು.

ಗುರುವಿನ ಗುರು: ಮಾವನ ಮಗಳು. ಬದುಕಿದ್ದ ಕಾಲ: ಮೂರು ವರ್ಷ ಎರಡು ತಿಂಗಳು. ದೇಹ ಬಿಟ್ಟ ಸ್ಥಳ: ನಾಲ್ಕನೇ ಮಹಡಿ.