ಹೇಳಿದ್ದನ್ನು ಬರೆಯುವ ಯಂತ್ರ

ನಾಲ್ಕು ಅಂಗಡಿ ಸುತ್ತಿ ವಕೀಲರು ತಮ್ಮ ಕಚೇರಿಗೆ ಆರಿಸಿ ತಂದದ್ದು, ಮಾತು ಕೇಳಿಸಿಕೊಂಡು ತಾನೇ ಟೈಪ್ ಮಾಡುವ ಕಂಪ್ಯೂಟರ್. ಸಂಬಳ ಕೊಡುವುದಕ್ಕಿಂತ ಇದೇ ಅಗ್ಗವೆಂದು, ಇಪ್ಪತ್ತೆರಡು ವರ್ಷದಿಂದ ಟೈಪಿಸ್ಟ್ ಆಗಿದ್ದ ಪಂಕಜಮ್ಮನನ್ನು ಅದು ಬಂದ ದಿನವೇ ಬಿಡಿಸಿ ಕಳಿಸಿದ್ದರು.

ಮೂರನೆಯ ದಿನ ಅಂಗಡಿಯವನನ್ನು ಕರೆಸಿದರು.

"ಇದು ಕೆಟ್ಟಿದೆ ಕಣಯ್ಯಾ, ವಾಪಸ್ ತಗೊಂಡ್ಹೋಗು. ದಾವೆ ಹಾಕೋಕೆ ನಾಳೇನೇ ಕೊನೇ ದಿನ. ಬೆಳಿಗ್ಗೆಯಿಂದ ಒಂದು ಪುಟ ಆಗಿಲ್ಲ."

ಅವನು ಮೈಕು, ವೈರು ಎಲ್ಲ ನೋಡಿದ. "ಎರಡು ಸಾಲು ಹೇಳಿ ಸಾರ್."

ವಕೀಲರು ಕಣ್ಣು ಮುಚ್ಚಿ ಶುರುಮಾಡಿದರು. "ಅದೇ, ಆ ತೆಂಗಿನ ತೋಟದ್ದು... ಅಲ್ಲ, ಮೊದಲು ಅವರಪ್ಪಂದು ಬರಲಿ. ಆಮೇಲೆ ಆ ಸೆಕ್ಷನ್ ಹಾಕಿ, ಯಾವುದದು, ಅದೇ. ಮಿಕ್ಕಿದ್ದು ಮಾಮೂಲಿ."

ಅಷ್ಟೂ ಪರದೆಯ ಮೇಲೆ ಮೂಡಿತು.

"ನೋಡಿ ಸಾರ್, ಒಂದಕ್ಷರ ತಪ್ಪಿಲ್ಲ. ನೀವು ಹೇಳಿದ್ದನ್ನೇ ಬರೆದಿದೆಯಲ್ಲಾ?"

ವಕೀಲರ ದನಿ ಇಳಿಯಿತು.

"ಅದೇ ಕಣಯ್ಯಾ ತೊಂದರೆ. ಪಂಕಜಮ್ಮ ಒಂದು ದಿನಾನೂ ನಾನು ಹೇಳಿದ್ದನ್ನ ಬರೆದೋರಲ್ಲ."